ಉದ್ದ ತೋಳಿನವರ ಪುಣ್ಯ

ಶಿವಗಂಗೆ ಬೆಟ್ಟ ಹತ್ತುವವರು ಒಳಕಲ್ಲು ತೀರ್ಥದ ಬಳಿ ನಿಲ್ಲದೆ ಮುಂದೆ ಹೋಗುವುದು ಕಡಿಮೆ. ಗವಿಯಂಥ ಜಾಗ, ಬಂಡೆಯಲ್ಲಿ ಒರಳಿನಂಥ ಒಂದು ಕುಳಿ. ಅದರೊಳಗೆ ಕೈ ಇಳಿಬಿಟ್ಟು ತಡಕಬೇಕು. ಬೆರಳಿಗೆ ನೀರು ತಾಗಿದರೆ ಪುಣ್ಯವಂತರು, ತಾಗದಿದ್ದರೆ ಲೆಕ್ಕದಲ್ಲೇನೋ ಕೊರತೆ ಎಂಬುದು ತಲೆಮಾರುಗಳ ನಂಬಿಕೆ. ಬಳೆ ಮೇಲಕ್ಕೆ ಸರಿಸಿ, ಭುಜದವರೆಗೂ ಕೈ ತೂರಿಸಿ, ಕೆನ್ನೆಯನ್ನು ಕಲ್ಲಿಗೊತ್ತಿ ಕಣ್ಣು ಮುಚ್ಚಿದವರ ಮುಖ ನೋಡಿದರೆ ಎಸ್ಸೆಸ್ಸೆಲ್ಸಿ ಫಲಿತಾಂಶಕ್ಕೆ ಕಾದವರ ನೆನಪಾಗುತ್ತದೆ. ಸಾಲಿನಲ್ಲಿ ಹಿಂದೆ ನಿಂತ ಯಾರಾದರೊಬ್ಬರು, ತೋಳು ಉದ್ದ ಇದ್ದವರಿಗೆ ಪುಣ್ಯ ಸ್ವಲ್ಪ ಬೇಗ ಸಿಗುತ್ತದೆ ಬಿಡಿ ಎಂದು ನಗಿಸುವುದೂ ಉಂಟು.

ತಮಾಷೆಯ ಮಾತೇ ಹೌದು. ಆದರೆ ಎಲ್ಲ ಮತಗಳ ಆಚಾರ್ಯರೂ ತಲೆ ಕೆಡಿಸಿಕೊಂಡ ಪ್ರಶ್ನೆ ಅದರೊಳಗಿದೆ. ಕೈಗೆಟುಕಿದ್ದು ಯೋಗ್ಯತೆಯಿಂದಲೋ, ಕೈ ಇದ್ದ ಅಳತೆಯಿಂದಲೋ? ಕೈಯ ಅಳತೆಯೇ ಹಿಂದಿನ ಯೋಗ್ಯತೆಯ ಫಲ ಅನ್ನುವುದಾದರೆ, ಮೋಟು ತೋಳಿನವನಿಗೆ ಹೇಳುವುದೇನು?

ಶಿವಗಂಗೆ ಇರುವ ನೆಲಮಂಗಲ ತಾಲ್ಲೂಕಿನದೇ ಊರಾದ ತ್ಯಾಮಗೊಂಡ್ಲಿನಲ್ಲಿ ಈ ಪ್ರಶ್ನೆ ಬೇರೆ ವೇಷದಲ್ಲಿ ಎದುರಾಗುತ್ತದೆ. ತ್ಯಾಮಗೊಂಡ್ಲು ಹೋಬಳಿ ಕೇಂದ್ರ. ನಮ್ಮ ರಾಜ್ಯದಲ್ಲಿ ಶಾಲಾ ಕ್ರೀಡೆಯ ಮೊದಲ ಮೆಟ್ಟಿಲೇ ಹೋಬಳಿ. ಆಮೇಲೆ ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ. ಕಬಡ್ಡಿ, ಖೋಖೋ, ವಾಲಿಬಾಲ್, ಥ್ರೋಬಾಲ್‌ಗೆ ಹೋಬಳಿಯಲ್ಲೇ ಸುಣ್ಣದ ಗೆರೆ ಎಳೆದು ಅಂಕಣ ಸಿದ್ಧ ಮಾಡಿಕೊಳ್ಳಬಹುದು. ಬ್ಯಾಸ್ಕೆಟ್‌ಬಾಲ್ ಹಾಗಲ್ಲ. 28 ಮೀಟರ್ ಉದ್ದ, 15 ಮೀಟರ್ ಅಗಲದ ಗಟ್ಟಿ ನೆಲ ಬೇಕು, 3.05 ಮೀಟರ್ ಎತ್ತರದಲ್ಲಿ ಅಲುಗಾಡದ ಬಳೆ ಬೇಕು. ಸಡಿಲ ಮಣ್ಣಿನ ನೆಲದಲ್ಲಿ ಚೆಂಡು ಸರಿಯಾಗಿ ಪುಟಿಯುವುದಿಲ್ಲ. ಆದ್ದರಿಂದ ಇಂಥ ಊರಿನ ಎತ್ತರದ ಹುಡುಗನೋ ಹುಡುಗಿಯೋ ಈ ಆಟವನ್ನು ಮೈಮೇಲೆ ಹಾಕಿಕೊಳ್ಳುವುದು ಸಾಮಾನ್ಯವಾಗಿ ನೆಲಮಂಗಲ, ತುಮಕೂರು, ಬೆಂಗಳೂರಿನ ಕಾಲೇಜು ಸೇರಿದ ಮೇಲೆ. ಅಲ್ಲಿ ಟ್ರಯಲ್ಸ್ ದಿನ ಪಿ.ಇ. ಮೇಷ್ಟ್ರು ಗೋಡೆಗೆ ಒರಗಿಸಿ ನಿಲ್ಲಿಸುತ್ತಾರೆ. ಎತ್ತರ, ತೂಕ, ಚಾಚಿದ ತೋಳಿನ ಅಳತೆ, ನಿಂತಲ್ಲಿಂದ ಜಿಗಿತ. ಆಮೇಲೆ ಡ್ರಿಬಲ್, ಲೇ-ಅಪ್, ಫ್ರೀ ಥ್ರೋ. ಸಂಜೆಗೆ ಹಾಳೆಯಲ್ಲಿ 12 ಹೆಸರು ಉಳಿಯುತ್ತವೆ, ಯಾಕೆಂದರೆ ಅಂತರರಾಷ್ಟ್ರೀಯ ನಿಯಮದ ಪ್ರಕಾರ ಪಂದ್ಯಕ್ಕೆ 12 ಮಂದಿಗಿಂತ ಹೆಚ್ಚು ಆಟಗಾರರು ಇರುವಂತಿಲ್ಲ. ಅಂಗಳದಲ್ಲಿ 5, ಬೆಂಚಿನಲ್ಲಿ 7.

ಆ ಹಾಳೆ ಅಳೆದದ್ದು ಏನನ್ನು?

ಈ ಆಟ ಹುಟ್ಟಿದ್ದೇ ಧರ್ಮದ ತೆಕ್ಕೆಯಲ್ಲಿ ಎಂಬುದು ಇಲ್ಲಿ ನೆನೆಯಬೇಕಾದ ಸಂಗತಿ. 1891ರ ಡಿಸೆಂಬರ್‌ನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನ ವೈಎಂಸಿಎ ತರಬೇತಿ ಶಾಲೆಯಲ್ಲಿ ಬ್ಯಾಸ್ಕೆಟ್‌ಬಾಲ್ ರೂಪಿಸಿದ ಜೇಮ್ಸ್ ನೈಸ್ಮಿತ್ ಕೆನಡಾದವರು, ಮಾಂಟ್ರಿಯಲ್‌ನಲ್ಲಿ ದೇವಶಾಸ್ತ್ರ ಓದಿ ಮುಗಿಸಿದವರು. ಚರ್ಚಿನ ವೇದಿಕೆ ಹತ್ತಬೇಕಾದ ಮನುಷ್ಯ ವ್ಯಾಯಾಮಶಾಲೆಗೆ ಬಂದರು. ಆಟದಿಂದಲೂ ಶೀಲ ಬೆಳೆಸಬಹುದು ಎಂಬುದು ಅವರ ನಂಬಿಕೆ. ಚಳಿಗಾಲದಲ್ಲಿ ಒಳಾಂಗಣದಲ್ಲಿ 18 ಯುವಕರು ಒಬ್ಬರ ಮೇಲೊಬ್ಬರು ಬೀಳದಂತೆ ಆಡಿಸಬೇಕಿತ್ತು. ಗುರಿಯನ್ನು ನೆಲದಿಂದ ಮೇಲೆತ್ತಿದರೆ ಚೆಂಡನ್ನು ರಭಸದಿಂದ ಹೊಡೆದು ಪ್ರಯೋಜನವಿಲ್ಲ, ಮೆಲ್ಲನೆ ಬಿಲ್ಲಿನ ಹಾಗೆ ಬಾಗಿಸಿ ಎಸೆಯಬೇಕು, ಆಗ ದೇಹಬಲ ತಾನಾಗಿ ಹಿಂದೆ ಸರಿಯುತ್ತದೆ ಎಂದು ಅವರು ಯೋಚಿಸಿದರು. ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಬಾಲ್ಕನಿಯ ಕಟಕಟೆಗೆ ಹೊಡೆಸಿದರು. ಕಟಕಟೆ ಇದ್ದದ್ದು ಹತ್ತಡಿಯಲ್ಲಿ. ಇಂದಿಗೂ ಬಳೆ ಅಲ್ಲೇ ಇದೆ. ಬಲಿಷ್ಠರ ಸೊಕ್ಕು ಮುರಿಯಲು ಮೇಲೆತ್ತಿದ ಗುರಿ ಉದ್ದನೆಯವರಿಗೆ ವರವಾಯಿತು! ಶೀಲಕ್ಕೆ ಹಾಕಿದ ಯೋಜನೆ ಹೀಗೆ ಮೂಳೆಯ ಉದ್ದಕ್ಕೆ ಸೋತದ್ದನ್ನು ಯಾವ ಪುರಾಣಿಕರೂ ಇದಕ್ಕಿಂತ ಚೆನ್ನಾಗಿ ಹೆಣೆಯಲಾರರು.

ಭಾರತಕ್ಕೂ ಈ ಆಟ ಬಂದದ್ದು ವೈಎಂಸಿಎ ಕೈ ಹಿಡಿದು. 1920ರಲ್ಲಿ ಹ್ಯಾರಿ ಕ್ರೋ ಬಕ್ ಮದರಾಸಿನಲ್ಲಿ ಕಟ್ಟಿದ ದೈಹಿಕ ಶಿಕ್ಷಣ ಕಾಲೇಜು ದಕ್ಷಿಣದ ಶಾಲಾ ಕಾಲೇಜುಗಳಿಗೆ ಹಲವು ತಲೆಮಾರಿನ ಪಿ.ಇ. ಮೇಷ್ಟ್ರುಗಳನ್ನು ಕೊಟ್ಟಿತು.

ಎತ್ತರದ ಕಾಟವನ್ನು ಆಟ ಸುಮ್ಮನೆ ಸಹಿಸಲಿಲ್ಲ. ಬುಟ್ಟಿಗೆ ಇಳಿಯುತ್ತಿರುವ ಚೆಂಡನ್ನು ತಡೆಯಕೂಡದೆಂದು ಅಮೆರಿಕದ ಕಾಲೇಜು ಆಟದಲ್ಲಿ 1944ರಲ್ಲಿ ನಿಯಮ ಬಂತು. ಬಾಬ್ ಕರ್ಲಂಡ್, ಜಾರ್ಜ್ ಮೈಕನ್ ಎಂಬ ಇಬ್ಬರು ದೈತ್ಯರು ಬಳೆಯ ಬಾಯಲ್ಲೇ ಕೈಯಿಟ್ಟು ಕಾಯುತ್ತಿದ್ದರು. ವೃತ್ತಿಪರ ಲೀಗ್ 1951ರಲ್ಲಿ ಮೈಕನ್ ಸಲುವಾಗಿ ಬಳೆಯ ಮುಂದಿನ ಪಟ್ಟಿಯನ್ನು 6 ಅಡಿಯಿಂದ 12 ಅಡಿಗೆ ಅಗಲಿಸಿತು. 1964ರಲ್ಲಿ ವಿಲ್ಟ್ ಚೇಂಬರ್ಲಿನ್ ಸಲುವಾಗಿ ಅದನ್ನೇ 16 ಅಡಿ ಮಾಡಿತು. 1967ರಿಂದ 1976ರವರೆಗೆ ಕಾಲೇಜು ಆಟದಲ್ಲಿ ಡಂಕ್ ಮಾಡುವುದೇ ನಿಷಿದ್ಧ. ಮುಂದೆ ಕರೀಂ ಅಬ್ದುಲ್ ಜಬ್ಬಾರ್ ಎಂದು ಹೆಸರಾದ 7 ಅಡಿ 2 ಅಂಗುಲದ ವಿದ್ಯಾರ್ಥಿ ಆಗ ತಾನೇ ಕಾಲೇಜು ಅಂಗಳಕ್ಕೆ ಇಳಿದಿದ್ದ. ಹುಟ್ಟಿನಿಂದ ಬಂದ ಬಂಡವಾಳಕ್ಕೆ ಪೂರ್ತಿ ಬಡ್ಡಿ ಕೊಡಲಾಗದು ಎಂದು ಆಟವೇ ಆಗಾಗ ತೀರ್ಪು ಕೊಟ್ಟ ಹಾಗಾಯಿತು.

ತತ್ವಶಾಸ್ತ್ರಜ್ಞರು ಇದೇ ಜಗಳವನ್ನು ತರಗತಿಗೆ ಒಯ್ದರು. ಹುಟ್ಟಿನಿಂದ ಬಂದ ಪ್ರತಿಭೆಯನ್ನು ಯಾರೂ ಗಳಿಸಿದ್ದಲ್ಲ, ನೈತಿಕವಾಗಿ ಅದೊಂದು ಆಕಸ್ಮಿಕ ಎಂದು ಜಾನ್ ರಾಲ್ಸ್ 1971ರಲ್ಲಿ ವಾದಿಸಿದರು. 1974ರಲ್ಲಿ ರಾಬರ್ಟ್ ನೊಜಿಕ್ ಉತ್ತರ ಕೊಡುವಾಗ ಎತ್ತಿಕೊಂಡದ್ದು ಇದೇ ಚೇಂಬರ್ಲಿನ್ ಉದಾಹರಣೆಯನ್ನು. ಟಿಕೆಟಿಗೆ 25 ಸೆಂಟಿನಂತೆ ಹತ್ತು ಲಕ್ಷ ಜನ ತಾವಾಗಿ ಅವನ ಡಬ್ಬಿಗೆ ಹಾಕಿದರೆ ಅವನ ಕೈಯಲ್ಲಿ ಎರಡೂವರೆ ಲಕ್ಷ ಡಾಲರ್. ಅದರಲ್ಲಿ ಅನ್ಯಾಯವೆಲ್ಲಿದೆ ಎಂಬುದು ನೊಜಿಕ್ ಸವಾಲು. ಇಬ್ಬರೂ ಗಟ್ಟಿಗರೇ. ಆದರೆ ಇಬ್ಬರ ಚಿಂತೆಯೂ ಹಣ ಯಾರಿಗೆ ಸೇರಬೇಕು ಎಂಬುದು. ಏಳಡಿಯ ಮೈ ಅವನಿಗೇ ಯಾಕೆ ಬಂತು ಎಂದು ಅವರು ಕೇಳಲಿಲ್ಲ. ನಮ್ಮ ನೆಲದ ದರ್ಶನಗಳು ಅದನ್ನೇ ಮೊದಲು ಕೇಳಿದವು.

ಜೈನರ ಕರ್ಮಸಿದ್ಧಾಂತದಲ್ಲಿ ಎಂಟು ಬಗೆಯ ಕರ್ಮಗಳಿವೆ. ಅದರಲ್ಲೊಂದು ನಾಮಕರ್ಮ. ಜೀವಕ್ಕೆ ಯಾವ ಮೈ ಸಿಗಬೇಕು ಎಂಬುದು ಅದರ ಖಾತೆ. ದೇಹದ ಆಕಾರಕ್ಕೆ ಸಂಸ್ಥಾನ ಎಂದು ಹೆಸರು, ಆರು ಬಗೆ. ಕುಳ್ಳ ಮೈಗೆ ವಾಮನ ಸಂಸ್ಥಾನ. ಮೂಳೆ ಮತ್ತು ಕೀಲುಗಳ ಗಟ್ಟಿತನಕ್ಕೆ ಸಂಹನನ ಎಂದು ಹೆಸರು, ಅದರಲ್ಲೂ ಆರು. ಎಲ್ಲಕ್ಕಿಂತ ಗಟ್ಟಿಯದು ವಜ್ರದಂಥದ್ದು. ಮೊಣಕಾಲು, ಹರಡು ಗಟ್ಟಿ ಇವೆಯೇ ಎಂದು ನೋಡುವ ಇಂದಿನ ಕೋಚ್ ಈ ಪಟ್ಟಿಯನ್ನು ಕಂಡರೆ ಬೆರಗಾದಾನು. ಇಷ್ಟಕ್ಕೇ ನಿಂತಿಲ್ಲ. ಅಂತರಾಯ ಕರ್ಮದಲ್ಲಿ ವೀರ್ಯಾಂತರಾಯ ಎಂಬುದೊಂದಿದೆ: ಕಸುವಿದ್ದರೂ ಅದು ಹೊರಗೆ ಬರದ ಹಾಗೆ ಅಡ್ಡ ನಿಲ್ಲುವುದು. ಅಭ್ಯಾಸದಲ್ಲಿ ಅದ್ಭುತ, ಪಂದ್ಯದ ದಿನ ಕೈಕಾಲು ತಣ್ಣಗೆ ಎಂಬ ಹುಡುಗರು ಪ್ರತಿ ಕಾಲೇಜಿನಲ್ಲೂ ಇರುತ್ತಾರೆ. ಅವರಿಗೆ ಈ ಹೆಸರು ಒಪ್ಪುತ್ತದೆ. ಮುಖ್ಯ ಮಾತೆಂದರೆ, ಈ ಎಲ್ಲ ಕರ್ಮವೂ ಜೀವದ ಮೇಲಿನ ಹೊದಿಕೆ. ಒಳಗಿನ ಜೀವಕ್ಕೆ ಅನಂತ ವೀರ್ಯ ಸಹಜ, ಅದು ಎಲ್ಲರಿಗೂ ಸಮ. ಅಂದರೆ ಟ್ರಯಲ್ಸ್ ಹಾಳೆ ಓದುವುದು ಹೊದಿಕೆಯನ್ನಷ್ಟೇ.

ಅದೇ ಪರಂಪರೆಯಲ್ಲಿ ಎತ್ತರದಿಂದ ಗೆದ್ದವನ ಕಥೆಯೂ ಇದೆ, ಕನ್ನಡಿಗರಿಗೆಲ್ಲ ಗೊತ್ತಿರುವ ಕಥೆ. ಪಂಪ 941ರಲ್ಲಿ ಬರೆದ 'ಆದಿಪುರಾಣ'ದಲ್ಲಿ ಭರತ ಬಾಹುಬಲಿಯರು ಸೇನೆಗಳನ್ನು ಪಕ್ಕಕ್ಕಿಟ್ಟು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಕ್ಕೆ ನಿಲ್ಲುತ್ತಾರೆ. ಸಾಮ್ರಾಜ್ಯದ ವ್ಯಾಜ್ಯ ಮೂರು ಸುತ್ತಿನ ಪಂದ್ಯವಾಗುತ್ತದೆ. ಜೈನ ಪುರಾಣಗಳು ಇಬ್ಬರ ಎತ್ತರವನ್ನೂ ಕೊಡುತ್ತವೆ: ಭರತ 500 ಧನುಸ್ಸು, ಬಾಹುಬಲಿ 525. ಈ 25ರ ವ್ಯತ್ಯಾಸ ಸುಮ್ಮನೆ ಬಂದದ್ದಲ್ಲ. ಅಣ್ಣ ತಲೆಯೆತ್ತಿ ನೋಡಬೇಕು, ಕಣ್ಣು ಬೇಗ ದಣಿಯುತ್ತದೆ. ತಮ್ಮನಿಗೆ ಕೆಳಗೆ ನೋಡಿದರೆ ಸಾಕು. ಅಣ್ಣ ಎರಚಿದ ನೀರು ತಮ್ಮನ ಎದೆಗೆ, ತಮ್ಮ ಎರಚಿದ್ದು ಅಣ್ಣನ ಮುಖಕ್ಕೆ. ಮೂರಕ್ಕೆ ಮೂರೂ ಬಾಹುಬಲಿಗೆ. ಆಮೇಲೇನಾಯಿತು ಎಂಬುದು ಶ್ರವಣಬೆಳಗೊಳದ ಬೆಟ್ಟದ ಮೇಲೆ 981ರಿಂದ ನಿಂತಿದೆ. ಗೆದ್ದವನು ಗೆದ್ದದ್ದನ್ನು ಬಿಟ್ಟು ನಡೆದ. ಬಿಟ್ಟಮೇಲೂ ಅಹಂಕಾರದ ಎಳೆಯೊಂದು ಉಳಿದು ಕೇವಲಜ್ಞಾನಕ್ಕೆ ತಡೆಯಾಯಿತು ಎಂದು ಕಥೆ ಹೇಳುತ್ತದೆ. ಉದ್ದ ತೋಳಿಂದ ನೀರು ಎಟುಕಬಹುದು. ಪುಣ್ಯದ ಲೆಕ್ಕ ಬೇರೆ ಕಡೆ ನಡೆಯುತ್ತದೆ ಎಂಬುದನ್ನು ಪುರಾಣಕಾರರು ಎತ್ತರದ ಅಂಕಿಯ ಸಮೇತ ಬರೆದಿಟ್ಟಿದ್ದಾರೆ.

ಉಡುಪಿಯ ಕಡೆಯಿಂದ ಬರುವ ಉತ್ತರ ಇದಕ್ಕೆ ಪೂರ್ತಿ ಎದುರು. ಮಧ್ವಾಚಾರ್ಯರ ಪ್ರಕಾರ ತಾರತಮ್ಯ ಹೊದಿಕೆಯಲ್ಲಿಲ್ಲ, ಜೀವದ ಸ್ವರೂಪದಲ್ಲೇ ಇದೆ. ಒಬ್ಬೊಬ್ಬರಿಗೆ ಒಂದೊಂದು ಯೋಗ್ಯತೆ, ಅದು ಅನಾದಿ. ಸಾಧನೆ ಅದನ್ನು ಹೊರಗೆ ತರುತ್ತದೆ, ಹೊಸದಾಗಿ ಹುಟ್ಟಿಸುವುದಿಲ್ಲ. ಜಗನ್ನಾಥದಾಸರ 'ಹರಿಕಥಾಮೃತಸಾರ'ದಲ್ಲಿ ತಾರತಮ್ಯಕ್ಕೆಂದೇ ಸಂಧಿಗಳಿವೆ; ದೇವತೆಗಳನ್ನೂ ಬಿಡದೆ ಯಾರ ಮೇಲೆ ಯಾರು ಎಂದು ಕಕ್ಷೆ ಕಟ್ಟಿ ಕೂರಿಸಿದ್ದಾರೆ. ತಂಡ ಆಯ್ಕೆ ಮಾಡುವವರಿಗೆ ಇದಕ್ಕಿಂತ ಅನುಕೂಲದ ದರ್ಶನ ಇನ್ನೊಂದಿಲ್ಲ. ಇಂದಿನ ಕಿವಿಗೆ ಒರಟಾಗಿ ಕೇಳಿಸುವ ಮಾತು ಇದು, ಅದರಲ್ಲೂ ಹುಟ್ಟಿನ ಮೇಲೆ ಮನುಷ್ಯರನ್ನು ಮೇಲು ಕೀಳು ಮಾಡಿದ ಸಮಾಜದಲ್ಲಿ. ಆದರೆ ಅದೇ ಸಂಪ್ರದಾಯ ಮೋಕ್ಷದ ವಿಚಾರಕ್ಕೆ ಬಂದಾಗ ಒಂದು ಮೃದುವಾದ ಮಾತನ್ನೂ ಹೇಳುತ್ತದೆ: ಚೊಂಬು, ಕೊಡ, ಕಡಲು ಒಂದೊಂದರ ಅಳತೆ ಒಂದೊಂದು, ತುಂಬಿದಾಗ ಎಲ್ಲವೂ ಪೂರ್ಣ. ಮುಕ್ತರಲ್ಲಿ ಆನಂದದ ಹೆಚ್ಚುಕಡಿಮೆ ಉಂಟು, ಹೊಟ್ಟೆಕಿಚ್ಚು ಇಲ್ಲ. ಪಂದ್ಯದಲ್ಲಿ ನಾಲ್ಕೇ ನಿಮಿಷ ಅಂಗಳಕ್ಕಿಳಿದು, ಎದುರಾಳಿಯ ಮುಖ್ಯ ಆಟಗಾರನನ್ನು ಆ ನಾಲ್ಕು ನಿಮಿಷ ಕಟ್ಟಿಹಾಕಿ ಬೆಂಚಿಗೆ ಮರಳುವವನ ಮನಸ್ಸನ್ನು ಅರ್ಥ ಮಾಡಿಕೊಳ್ಳಲು ರಾಲ್ಸ್‌ಗಿಂತ ಈ ಮಾತು ಹೆಚ್ಚು ಕೆಲಸಕ್ಕೆ ಬರುತ್ತದೆ.

ಜೈನರೂ ಮಾಧ್ವರೂ ಜೀವದ ಬಗ್ಗೆ ಜಗಳವಾಡುತ್ತಾರೆ. ಸ್ಕೋರ್‌ಶೀಟಿನ ಬುಡಕ್ಕೇ ಕೈಹಾಕುವುದು ಭಗವದ್ಗೀತೆ. ಹದಿನೆಂಟನೆಯ ಅಧ್ಯಾಯದಲ್ಲಿ ಕೃಷ್ಣ ಯಾವುದೇ ಕೆಲಸಕ್ಕೆ ಐದು ಕಾರಣ ಹೇಳುತ್ತಾನೆ: ಅಧಿಷ್ಠಾನವಾದ ದೇಹ, ಕರ್ತೃ, ಕರಣಗಳು, ಬಗೆಬಗೆಯ ಚೇಷ್ಟೆಗಳು, ಐದನೆಯದು ದೈವ. ಇಷ್ಟಿದ್ದೂ ತಾನೊಬ್ಬನೇ ಮಾಡಿದೆ ಎಂದುಕೊಳ್ಳುವವನಿಗೆ ಕಣ್ಣಿಲ್ಲ ಎಂಬುದು ಅಲ್ಲಿನ ತಾತ್ಪರ್ಯ. ಡಿ.ವಿ.ಜಿ.ಯವರ 'ಜೀವನಧರ್ಮಯೋಗ' ಓದಿ ಬೆಳೆದ ಮನೆಗಳಲ್ಲಿ ಈ ಐದರ ಪಟ್ಟಿ ಪರಿಚಿತ. ಈಗ ಒಂದು ಬುಟ್ಟಿಯನ್ನು ನೋಡಿ. ಒಬ್ಬ ಅಡ್ಡ ನಿಂತು ಎದುರಾಳಿಯನ್ನು ತಡೆದ, ಇನ್ನೊಬ್ಬ ಮೂಲೆಗೆ ಓಡಿ ಕಾವಲುಗಾರನನ್ನು ಜೊತೆಗೆ ಎಳೆದೊಯ್ದ, ಮೂರನೆಯವ ಚೆಂಡು ದಾಟಿಸಿದ, ನಾಲ್ಕನೆಯವ ಎಸೆದ. ಚೆಂಡು ಬಳೆಯ ಮೇಲೆ ಎರಡು ಸಲ ಕುಣಿದು ಒಳಗೆ ಬಿತ್ತು. ಹಾಳೆಯಲ್ಲಿ ಎಸೆದವನಿಗೆ ಎರಡಂಕ, ದಾಟಿಸಿದವನಿಗೆ ಒಂದು ಅಸಿಸ್ಟ್. ಉಳಿದವರ ಚೇಷ್ಟೆಗೂ ಬಳೆಯ ಮೇಲಿನ ಕುಣಿತಕ್ಕೂ ಅಂಕಣವೇ ಇಲ್ಲ.

ಅಂಕಣ ಇಲ್ಲದಿದ್ದರೆ ಎಂಥವರ ಕೆಲಸವೂ ಮಾಯವಾಗುತ್ತದೆ. ಬಿಲ್ ರಸೆಲ್ ಸ್ಯಾನ್ ಫ್ರಾನ್ಸಿಸ್ಕೊ ವಿಶ್ವವಿದ್ಯಾಲಯಕ್ಕೆ 1955 ಮತ್ತು 1956ರಲ್ಲಿ ಕಾಲೇಜು ಕಿರೀಟ ತಂದುಕೊಟ್ಟವರು, ಆಮೇಲೆ ವೃತ್ತಿಪರ ಲೀಗಿನಲ್ಲಿ 11 ಪ್ರಶಸ್ತಿ. ಎದುರಾಳಿಯ ಎಸೆತ ತಡೆಯುವುದು ಅವರ ಜೀವಾಳ. ಎಷ್ಟು ತಡೆದರು ಎಂಬ ಅಧಿಕೃತ ಲೆಕ್ಕ ಒಂದೂ ಇಲ್ಲ, ಯಾಕೆಂದರೆ ಲೀಗ್ ಬ್ಲಾಕ್‌ಗಳನ್ನು ಎಣಿಸಲು ಶುರುಮಾಡಿದ್ದು 1973ರ ಋತುವಿನಲ್ಲಿ. ಅವರು ನಿವೃತ್ತರಾದದ್ದು 1969ರಲ್ಲಿ. ಡ್ಯೂಕ್ ವಿಶ್ವವಿದ್ಯಾಲಯದಿಂದ ಬಂದ ಶೇನ್ ಬ್ಯಾಟಿಯರ್ ಬಗ್ಗೆ ಮೈಕಲ್ ಲೂಯಿಸ್ 2009ರಲ್ಲಿ ಬರೆದ ಲೇಖನದ ತಿರುಳೂ ಇದೇ: ಅಂಕ ಕಡಿಮೆ, ರೀಬೌಂಡ್ ಕಡಿಮೆ, ಆದರೆ ಅವನು ಅಂಗಳದಲ್ಲಿದ್ದರೆ ಜೊತೆಗಾರರ ಆಟ ಏರುತ್ತದೆ, ಎದುರಾಳಿಗಳದು ಇಳಿಯುತ್ತದೆ. ಅದನ್ನು ಹಿಡಿಯಲು ಹೂಸ್ಟನ್ ತಂಡದವರು ಹೊಸ ಲೆಕ್ಕಾಚಾರವನ್ನೇ ಹೂಡಬೇಕಾಯಿತು.

ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದ ಕೋಚ್ ಡೀನ್ ಸ್ಮಿತ್ ಇದಕ್ಕೆ ಕಂಡುಕೊಂಡ ಉಪಾಯ ಲೆಕ್ಕದ್ದಲ್ಲ, ಆಚಾರದ್ದು. ಬುಟ್ಟಿ ಹಾಕಿದವನು ಕೂಡಲೇ ಚೆಂಡು ಕೊಟ್ಟವನ ಕಡೆ ಬೆರಳು ತೋರಿಸಬೇಕು. ಇಷ್ಟೇ. ಈಗ ಜಗತ್ತಿನ ಎಲ್ಲ ಅಂಗಳಗಳಲ್ಲೂ, ಕಂಠೀರವ ಒಳಾಂಗಣದಲ್ಲೂ, ಹುಡುಗರು ಹಾಗೆ ಬೆರಳು ತೋರಿಸುವುದು ಕಾಣುತ್ತದೆ. ಎಲ್ಲಿಂದ ಬಂತೆಂದು ಗೊತ್ತಿರುವವರು ಕಡಿಮೆ. ಸ್ಮಿತ್ ಕ್ಯಾನ್ಸಸ್‌ನಲ್ಲಿ ಫಾಗ್ ಆಲನ್ ಶಿಷ್ಯ, ಆಲನ್ ಅಲ್ಲೇ ನೈಸ್ಮಿತ್ ಶಿಷ್ಯ. ದೇವಶಾಸ್ತ್ರ ಓದಿದ ಗುರುವಿನ ಮೂಲ ಆಸೆ ಮೂರನೆಯ ತಲೆಮಾರಿನಲ್ಲಿ ಒಂದು ಬೆರಳಿನಷ್ಟು ಈಡೇರಿತು ಅನ್ನಬಹುದು. (ನೈಸ್ಮಿತ್ ಕೋಚ್ ಆಗಿ ಗೆದ್ದದ್ದು 55, ಸೋತದ್ದು 60. ಗೆಲುವಿಗಿಂತ ಸೋಲು ಹೆಚ್ಚಿರುವ ಕ್ಯಾನ್ಸಸ್‌ನ ಒಬ್ಬನೇ ಕೋಚ್ ಆಟವನ್ನು ಕಂಡುಹಿಡಿದವರೇ!)

ಶರಣರ ಕಥೆಗಳಲ್ಲಿ ಆಯ್ದಕ್ಕಿ ಲಕ್ಕಮ್ಮ ಗಂಡ ಮಾರಯ್ಯ ಆಯ್ದು ತಂದ ಅಕ್ಕಿ ದಿನದ ಅಳತೆಗಿಂತ ಹೆಚ್ಚಿತ್ತೆಂದು ವಾಪಸು ಕಳಿಸುತ್ತಾಳೆ. ತನ್ನ ಹೆಸರಿನ ಮುಂದಿನ ಅಂಕಿ ಹಿಗ್ಗಿಸಲು ತಂಡಕ್ಕೆ ಬೇಡದ ಎಸೆತ ಎಸೆಯುವ ಕಾಲೇಜು ತಾರೆಗಳಿಗೆ ಲಕ್ಕಮ್ಮನಂಥ ಕೋಚ್ ಸಿಗಬೇಕು.

ಗೀತೆಯ ಐದನೆಯ ಕಾರಣ ಕೇಳಿದರೆ ಅಂಕಿಅಂಶದವರು ಮೂಗು ಮುರಿಯುತ್ತಾರೆ. ಆದರೆ ಅದಕ್ಕೂ ಪುರಾವೆ ಕೊಟ್ಟವರು ಅವರೇ. ಕೆನಡಾದ ರೋಜರ್ ಬಾರ್ನ್ಸ್‌ಲಿ ಮತ್ತು ಸಂಗಡಿಗರು 1985ರಲ್ಲಿ ಐಸ್ ಹಾಕಿ ಆಟಗಾರರ ಹುಟ್ಟಿದ ತಿಂಗಳು ನೋಡಿದರು. ವಯೋಗುಂಪಿನ ಗಡಿ ಜನವರಿ 1. ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ತಂಡಗಳಲ್ಲಿ ತುಂಬಿದ್ದರು. ಬಾಲ್ಯದಲ್ಲಿ ಕೆಲವು ತಿಂಗಳು ದೊಡ್ಡವನಾಗಿರುವುದೇ ಪ್ರತಿಭೆಯಂತೆ ಕಂಡು, ಆಯ್ಕೆಯಾಗಿ, ತರಬೇತಿ ಸಿಕ್ಕಿ, ಕೊನೆಗೆ ನಿಜವಾದ ಪ್ರತಿಭೆಯೇ ಆಗಿಬಿಟ್ಟಿತ್ತು. ನಮ್ಮಲ್ಲಿ ಈ ದೈವದ ಕೆಲಸವನ್ನು ಬಹಳ ಕಾಲ ಹೆಡ್ಮಾಸ್ತರರೇ ನೋಡಿಕೊಂಡರು. ಶಾಲೆಗೆ ಸೇರಿಸುವಾಗ ಹುಟ್ಟಿದ ತಾರೀಖು ಗೊತ್ತಿಲ್ಲದಿದ್ದರೆ ಜೂನ್ 1 ಎಂದು ಬರೆದುಕೊಂಡ ತಲೆಮಾರೇ ಇದೆ. 

ದೈವಕ್ಕೆ ಊರಿನ ಹೆಸರೂ ಇರುತ್ತದೆ. 2017ರ ಜುಲೈನಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣದಲ್ಲಿ ಭಾರತದ ಮಹಿಳಾ ತಂಡ ಕಜಕಸ್ತಾನವನ್ನು 75–73ರಿಂದ ಸೋಲಿಸಿ ಏಷ್ಯಾ ಕಪ್‌ನ ಮೇಲಿನ ವಿಭಾಗಕ್ಕೆ ಏರಿತು. ಎರಡೇ ಅಂಕ! ತವರಿನ ಅಂಗಳವೂ ಅದರಲ್ಲಿ ಒಂದು ಪಾಲು ಹೊತ್ತಿರಬಹುದು. ಬೆಂಗಳೂರಿನ ಸಂಜನಾ ರಮೇಶ್ 2019ರಲ್ಲಿ ಅಮೆರಿಕದ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯದ ತಂಡ ಸೇರಿದರು. ಅವರ ಎತ್ತರ, ದುಡಿಮೆ ಎರಡೂ ದೊಡ್ಡವು, ಅದರಲ್ಲಿ ಅನುಮಾನವಿಲ್ಲ. ಆದರೆ ಅಷ್ಟೇ ಎತ್ತರದ ಹುಡುಗಿ ತ್ಯಾಮಗೊಂಡ್ಲಿನಲ್ಲಿ ಹುಟ್ಟಿದರೆ ಬಹುಪಾಲು ಥ್ರೋಬಾಲ್ ಆಡುತ್ತಾಳೆ. ಇನ್ನೊಂದು ತುದಿಗೆ ಮಗ್ಸಿ ಬೋಗ್ಸ್: 5 ಅಡಿ 3 ಅಂಗುಲದ ಮನುಷ್ಯ ವೇಕ್ ಫಾರೆಸ್ಟ್ ಕಾಲೇಜು ತಂಡದಿಂದ ಬಂದು ವೃತ್ತಿಪರ ಲೀಗಿನಲ್ಲಿ 14 ಋತು ಆಡಿದರು. ವಾಮನ ಸಂಸ್ಥಾನದ ಮೇಲೆ ಬಾಲ್ಟಿಮೋರ್‌ನ ಬೀದಿ ಅಂಗಳಗಳ ಚೇಷ್ಟೆ ಸೇರಿದಾಗ ಹಾಗೂ ಆಗುತ್ತದೆ.

ಇಷ್ಟೆಲ್ಲ ಗೊತ್ತಿದ್ದರೂ ಕೋಚ್ ಪಟ್ಟಿ ಮಾಡಲೇಬೇಕು. ಎಲ್ಲರೂ ಸಮ ಎಂದು ಇಪ್ಪತ್ತು ಮಂದಿಯನ್ನು ಅಂಗಳಕ್ಕೆ ಇಳಿಸಲಾಗದು. ನಲವತ್ತು ನಿಮಿಷದ ಒಂದು ಕೆಲಸಕ್ಕೆ ಯಾರು ಈಗ ಒದಗುತ್ತಾರೆ ಎಂದು ಆರಿಸುವುದರಲ್ಲಿ ಅನ್ಯಾಯವಿಲ್ಲ. ಎಡವಟ್ಟಾಗುವುದು ಆ ಹಾಳೆ ಮನುಷ್ಯನ ಒಳಗನ್ನು ಓದಿದೆ ಎಂದು ಎರಡೂ ಕಡೆಯವರು ನಂಬಿದಾಗ. ಹಾಗೆ ನಂಬಿಸುವ ವ್ಯವಸ್ಥೆ ಕಾಗದದಲ್ಲೇ ಇದೆ. ವಿಶ್ವವಿದ್ಯಾಲಯದ ತಂಡದಲ್ಲಿ ಅಂತರ ವಿಶ್ವವಿದ್ಯಾಲಯ ಟೂರ್ನಿಗೆ ಹೋದ ಪ್ರಮಾಣಪತ್ರ ಮುಂದೆ ಕ್ರೀಡಾ ಕೋಟಾದ ನೌಕರಿಯ ಅರ್ಜಿಗೆ ಬೇಕಾಗುತ್ತದೆ. ಹನ್ನೆರಡನೆಯವನಿಗೆ ಸಿಗುವುದೂ ನಾಯಕನಿಗೆ ಸಿಗುವಂಥದೇ ಕಾಗದ. ಇಡೀ ಋತು ಅವರ ಜೊತೆಗೇ ಅಭ್ಯಾಸ ಮಾಡಿದ ಹದಿಮೂರನೆಯವನಿಗೆ ಏನೂ ಇಲ್ಲ. ಮಾಧ್ವರ ಕಕ್ಷೆಗಳಲ್ಲೂ ಇಷ್ಟು ಕಡಿದಾದ ಮೆಟ್ಟಿಲು ಸಿಗಲಾರದು.

ಹೀಗೆ ಪಟ್ಟಿಯ ಅಂಚಿನಲ್ಲಿ ಉಳಿಯುವವರ ಸಲುವಾಗಿ ಅಮೆರಿಕದಲ್ಲಿ ಒಂದು ದೊಡ್ಡ ಮೊಕದ್ದಮೆಯೇ ತಡೆದು ನಿಂತಿತು. ಕಾಲೇಜು ಆಟಗಾರರಿಗೆ ಸುಮಾರು 280 ಕೋಟಿ ಡಾಲರ್ ಬಾಕಿ ಕೊಡುವ, ಮುಂದೆ ಕಾಲೇಜುಗಳೇ ನೇರವಾಗಿ ಹಣ ಕೊಡುವ ರಾಜಿ ಒಪ್ಪಂದ ಅದು. ಜೊತೆಗೆ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ 15 ಮಂದಿಯ ಮಿತಿ. ವಿದ್ಯಾರ್ಥಿವೇತನವಿಲ್ಲದೆ ಬರೀ ಆಸೆಯಿಂದ ತಂಡದ ಬಾಲದಲ್ಲಿದ್ದ ಹುಡುಗ ಹುಡುಗಿಯರನ್ನು ಬೇರೆ ಬೇರೆ ಕ್ರೀಡೆಗಳಲ್ಲಿ ಕಾಲೇಜುಗಳು ಆಗಲೇ ಕೈಬಿಡತೊಡಗಿದ್ದವು. ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕನ್ 2025ರ ಏಪ್ರಿಲ್‌ನಲ್ಲಿ, ಇವರಿಗೆ ದಾರಿ ಮಾಡದೆ ಒಪ್ಪಿಗೆ ಕೊಡುವುದಿಲ್ಲ ಎಂದರು. ಹಾಗೆ ಜಾಗ ಕಳೆದುಕೊಂಡವರ ಹೆಸರುಗಳನ್ನು ಬೇರೆ ಪಟ್ಟಿ ಮಾಡಿ, ಕಾಲೇಜುಗಳು ಅವರನ್ನು ಇಟ್ಟುಕೊಂಡರೆ ಮಿತಿಯ ಲೆಕ್ಕಕ್ಕೆ ಸೇರಿಸಬಾರದೆಂದು ತಿದ್ದಿದ ಮೇಲೆ ಜೂನ್ 6ರಂದು ಸಹಿ ಬಿತ್ತು. ಇಟ್ಟುಕೊಳ್ಳಲೇಬೇಕು ಎಂದು ಮಾತ್ರ ಆ ತಿದ್ದುಪಡಿಯಲ್ಲಿಲ್ಲ. ಅದು ಮತ್ತೆ ಕೋಚ್‌ಗಳ ಕೈಗೇ ಬಂತು.